ಪರವಾನಿಗೆ ಸಿಕ್ಕಿದರೆ ಅಮಲು ಇಳಿಯುವುದೇ?

ಗಾಂಜಾದಂತಹ ಅಮಲು ಪದಾರ್ಥಗಳನ್ನು ಕಾನೂನುಬದ್ಧಗೊಳಿಸಬೇಕೆಂಬ ವಾದವು ಇಂದು ಪಶ್ಚಿಮದ ದೇಶಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಕೆನಡಾ 2018ರಲ್ಲಿ ಗಾಂಜಾ ಮಾರಾಟಕ್ಕೆ ಅನುಮತಿ ನೀಡಿತು. ಜರ್ಮನಿ 2024ರಲ್ಲಿ ವಯಸ್ಕರ ಗಾಂಜಾ ಸೇವನೆಯನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ನಮ್ಮ ದೇಶದಲ್ಲಿಯೂ ಪಟಿಯಾಲದ ಸಂಸದ ಧರ್ಮವೀರ ಗಾಂಧಿಯವರು 2016ರಲ್ಲಿ ಇದೇ ಉದ್ದೇಶಕ್ಕಾಗಿ ಖಾಸಗಿ ಮಸೂದೆಯೊಂದನ್ನು ರೂಪಿಸಿದ್ದರು. ನಿಷೇಧ ಸೋತಿದೆ, ಪರವಾನಿಗೆ ಕೊಟ್ಟರೆ ಕಳ್ಳದಂಧೆ ನಿಲ್ಲುತ್ತದೆ, ಸರಕಾರದ ಬೊಕ್ಕಸವೂ ತುಂಬುತ್ತದೆ ಎಂಬುದು ಈ ವಾದದ ತಿರುಳು.

ಆದರೆ ಇದು ನಿಜಕ್ಕೂ ಹೊಸ ವಾದವೇ? ಹಾಗೆಂದು ಭಾವಿಸುವವರು ಒಮ್ಮೆ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಕಾರ್ಮಿಕ ಲೈನುಗಳ ಕಡೆಗೆ ಕಣ್ಣು ಹಾಯಿಸಬೇಕು. ಭೂಮಿಯ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು, ಕಲ್ಲಿನ ಧೂಳು ಕುಡಿದು, ಚಿನ್ನವನ್ನು ಮೇಲಕ್ಕೆ ತಂದವರ ಊರು ಅದು. ಆ ಕಾರ್ಮಿಕನ ದಣಿವಿಗೆ ವ್ಯವಸ್ಥೆಯು ಒದಗಿಸಿದ ಸುಲಭ ಮದ್ದು ಸಾರಾಯಿ. ಅದು ಕಳ್ಳಮಾಲು ಆಗಿರಲಿಲ್ಲ. ಸರಕಾರವೇ ಹರಾಜು ಕೂಗಿ, ಪರವಾನಿಗೆ ಕೊಟ್ಟು, ತೆರಿಗೆ ಎಣಿಸಿ ಮಾರಿಸಿದ ಸರಕು. ಅಂದರೆ ಇಂದು ಗಾಂಜಾಕ್ಕೆ ಯಾವ ಸ್ಥಾನವನ್ನು ಕೇಳಲಾಗುತ್ತಿದೆಯೋ ಅದೇ ಸ್ಥಾನವನ್ನು ಕರ್ನಾಟಕವು ಸಾರಾಯಿಗೆ ಹಲವು ದಶಕಗಳ ಕಾಲ ಕೊಟ್ಟು ನೋಡಿದೆ.

ಫಲಿತಾಂಶವೇನು? ಕಳ್ಳದಂಧೆ ನಿಂತಿತೇ? 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯದಲ್ಲಿ ಸಾರಾಯಿ ಕಾನೂನುಬದ್ಧವಾಗಿತ್ತು. ತೆರಿಗೆ ಕಟ್ಟಿದ ಸರಕಿಗಿಂತ ತೆರಿಗೆ ತಪ್ಪಿಸಿದ ಸರಕು ಯಾವಾಗಲೂ ಅಗ್ಗ. ಕೊಳ್ಳುವವನು ಬಡವನಾಗಿರುವ ತನಕ ಅಗ್ಗದ ವಿಷಕ್ಕೆ ಗಿರಾಕಿಗಳ ಕೊರತೆಯಾಗುವುದಿಲ್ಲ. ಇನ್ನು ಬೊಕ್ಕಸದ ಮಾತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಆದರೆ ಬಾಟಲಿಯ ಮದ್ಯ ಉಳಿಯಿತು. ಅದರ ಸಗಟು ವ್ಯಾಪಾರ ನಡೆಸುವುದು ಸರಕಾರದ್ದೇ ಪಾನೀಯ ನಿಗಮ. 2025-26ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಈ ಹಣದ ರುಚಿ ಹತ್ತಿದ ಸರಕಾರವು ಕುಡುಕನಿಗೆ ಕುಡಿತ ಬಿಡು ಎಂದು ಯಾವ ಬಾಯಿಯಿಂದ ಹೇಳೀತು? ಮದ್ಯದಂಗಡಿಗಳನ್ನು ಮುಚ್ಚಿರೆಂದು ರಾಯಚೂರು ಮುಂತಾದ ಜಿಲ್ಲೆಗಳ ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರು. ಅಂಗಡಿಗಳು ಮುಚ್ಚಲಿಲ್ಲ. ಇಲ್ಲಿ ಅಮಲಿಗೆ ದಾಸನಾಗಿರುವವನು ಕುಡುಕನೊಬ್ಬನೇ ಅಲ್ಲ, ಖಜಾನೆಯೂ ಹೌದು.

ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಬಿಡುಗಡೆಯಾದ ಸಮೀಕ್ಷೆಯನ್ನು ನೋಡಿ. 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಮದ್ಯ ಸೇವಿಸುವವರು ಶೇ. 14.6, ಅಂದರೆ ಸುಮಾರು 16 ಕೋಟಿ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಶೇ. 2.8. ಅದರಲ್ಲೂ ಕೇಂದ್ರದ ಮಾದಕ ದ್ರವ್ಯ ಕಾಯ್ದೆಯು ನಿಷೇಧಿಸದ ಭಂಗಿಯ ಪಾಲೇ ಹೆಚ್ಚು. ಈ ಅಂತರಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಬೀದಿಯ ಮೂಲೆಯಲ್ಲಿ ಬೋರ್ಡು ಹಾಕಿ ಮಾರುವ ವಸ್ತುವಿಗೂ ಅಡಗಿಸಿ ಮಾರುವ ವಸ್ತುವಿಗೂ ವ್ಯತ್ಯಾಸವೇ ಇಲ್ಲವೆಂದು ಯಾರೂ ಹೇಳಲಾರರು. 2022ರಲ್ಲಿ ಗಾಂಜಾವನ್ನು ಮುಕ್ತಗೊಳಿಸಿದ ಥಾಯ್ಲೆಂಡ್ 2025ರಲ್ಲಿ ಮತ್ತೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿದ್ದು ಸುಮ್ಮನೆ ಅಲ್ಲ.

ಹಾಗಂತ, ನಿಷೇಧ ಹೇರಿ ಲಾಠಿ ಎತ್ತಿದರೆ ಎಲ್ಲವೂ ಸರಿಹೋಗುತ್ತದೆಯೇ? ಅದೂ ಸುಳ್ಳು. ಸಾರಾಯಿ ನಿಷೇಧವಾಗಿ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ಕೃಷ್ಣಗಿರಿ ಭಾಗಗಳಲ್ಲಿ ವಿಷಮದ್ಯಕ್ಕೆ 150ಕ್ಕೂ ಹೆಚ್ಚು ಮಂದಿ ಬಲಿಯಾದರು. ಅಂಗಡಿಗೆ ಬೀಗ ಜಡಿದ ಸರಕಾರವು ಚಟ ಹತ್ತಿದವನಿಗೆ ಚಿಕಿತ್ಸೆಯ ಬಾಗಿಲನ್ನು ತೆರೆಯದಿದ್ದರೆ ಅವನು ಹೋಗುವುದು ಕಳ್ಳಭಟ್ಟಿಯ ಕಡೆಗೇ. ಆದ್ದರಿಂದ ಮಾರುವವನನ್ನೂ ಸೇವಿಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಪೋರ್ಚುಗಲ್ 2001ರಲ್ಲಿ ಮಾರಾಟವನ್ನು ಅಪರಾಧವಾಗಿಯೇ ಉಳಿಸಿಕೊಂಡು, ಸ್ವಂತ ಸೇವನೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವನನ್ನು ಜೈಲಿನ ಬದಲು ಸಮಾಲೋಚನೆಯ ದಾರಿಗೆ ಹಚ್ಚಿತು. ನಮ್ಮ 1985ರ ಮಾದಕ ದ್ರವ್ಯ ಕಾಯ್ದೆಯಲ್ಲಿ ಕೂಡ ಈ ವಿವೇಕಕ್ಕೆ ಜಾಗವಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯು ಸ್ವಯಿಚ್ಛೆಯಿಂದ ಚಿಕಿತ್ಸೆಗೆ ಒಳಗಾದರೆ ಅವನನ್ನು ವಿಚಾರಣೆಗೆ ಗುರಿಪಡಿಸದಿರಲು ಅದರ 64ಎ ವಿಧಿ ಅವಕಾಶ ನೀಡುತ್ತದೆ. ಎಷ್ಟು ಹೆತ್ತವರಿಗೆ ಈ ವಿಧಿಯ ಅರಿವಿದೆ?

ಇಲ್ಲಿ ನಾವು ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳಬೇಕು. ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಸ್ವಲ್ಪ ಪ್ರಯೋಜನವಿದ್ದರೂ ಅವುಗಳ ಕೆಡುಕು ಪ್ರಯೋಜನಕ್ಕಿಂತ ದೊಡ್ಡದು ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ. ಅಮಲೇರಿಸುವ ಎಲ್ಲವೂ ನಿಷಿದ್ಧವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆದರೂ ಮಗ ಗಾಂಜಾ ಸೇದುತ್ತಾನೆಂದು ತಿಳಿದಾಗ ಮನೆಯವರಿಗೆ ಮೊದಲು ನೆನಪಾಗುವುದು ಚಿಕಿತ್ಸೆಯಲ್ಲ, ಮರ್ಯಾದೆ. ಸಂಬಂಧಗಳು ಮುರಿಯುತ್ತವೆ ಎಂಬ ಭಯದಲ್ಲಿ ವಿಷಯವನ್ನು ಮುಚ್ಚಿಡಲಾಗುತ್ತದೆ. ಮುಚ್ಚಿಟ್ಟ ರೋಗ ಬೆಳೆಯುತ್ತದೆ. ಕೊನೆಗೆ ಪೊಲೀಸರು ಬಾಗಿಲು ತಟ್ಟಿದಾಗ ಅದು ಒಬ್ಬ ಹುಡುಗನ ತಪ್ಪಾಗಿ ಉಳಿಯದೆ ಇಡೀ ಸಮುದಾಯದ ಮೇಲಿನ ಆರೋಪವಾಗಿ ಮಾರ್ಪಡುತ್ತದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಕೆಜಿಎಫ್ ಮತ್ತು ಬಂಗಾರಪೇಟೆಯ ಸಾವಿರಾರು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ, ರಾತ್ರಿ ಮರಳುತ್ತಿದ್ದಾರೆ. ಇಂತಹ ಊರಿನ ಯುವಕನಿಗೆ ಸರಕಾರವು ಕೊಡಬೇಕಾದದ್ದು ಉದ್ಯೋಗವೇ ಹೊರತು ಅಮಲಿನ ಅಂಗಡಿಯಲ್ಲ. ಗಣಿಯ ಆಳದಲ್ಲಿ ದುಡಿದ ಅಜ್ಜನಿಗೆ ಸಾರಾಯಿ ಮಾರಿದ ವ್ಯವಸ್ಥೆಯು ಮೊಮ್ಮಗನಿಗೆ ಗಾಂಜಾ ಮಾರುವುದನ್ನು ಪ್ರಗತಿ ಎನ್ನಲಾಗದು.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಮಾರಾಟಕ್ಕೆ ಪರವಾನಿಗೆ ಬೇಡ. ವ್ಯಸನಿಗೆ ಜೈಲೂ ಬೇಡ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವ್ಯಸನಮುಕ್ತಿಯ ಚಿಕಿತ್ಸೆ ಸಿಗಲಿ, ಅಬಕಾರಿ ಆದಾಯದ ಒಂದು ಭಾಗ ಕಡ್ಡಾಯವಾಗಿ ಅದಕ್ಕೆ ಮೀಸಲಾಗಲಿ. ಜುಮಾದ ಖುತ್ಬಾದಲ್ಲಿ ಈ ವಿಷಯ ಬರಲಿ. ಜಮಾಅತ್ ಸಮಿತಿಗಳು ದಾರಿ ತಪ್ಪಿದ ಹುಡುಗನನ್ನು ಬಹಿಷ್ಕರಿಸುವ ಬದಲು ಅವನ ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯಲಿ. ನಾವು ಇಷ್ಟನ್ನು ಮಾಡದಿದ್ದರೆ ಅಮಲಿನ ವ್ಯಾಪಾರಿಗೆ ಯಾವ ಕಾನೂನಿನ ನೆರವೂ ಬೇಕಾಗಲಾರದು, ನಮ್ಮ ಮೌನವೊಂದೇ ಸಾಕು.