ಬಣ್ಣಾ ಹೊಸಾದು, ಹೊಸ್ತಿಲಾ ಹಳೇದು

ಮೊನ್ನೆ ಕಾಕೂ ಫೋನ್ ಮಾಡಿದ್ರು. "ಹಡಗಿನ್ಯಾಗ ಹೋಗಿ ಬಂದ್ಯಂತಲ್ಲ, ಅದೂ ರಿಪೇರಿ ಮಾಡಿ ಹೊಸಾ ಮಾಡಿದ್ದಂತ. ಹೆಂಗಿತ್ತ? ನಾವೂ ದೀಪಾವಳಿಗೆ ಬುಕ್ ಮಾಡಬೇಕಂತೀವಿ" ಅಂದ್ರು. ಅರ್ಧಾ ತಾಸು ಮಾತಾಡಿದ್ರೂ ಮುಗೀಲಿಲ್ಲ. ಅದಕ್ಕ ಎಲ್ಲಾರಿಗೂ ಸೇರಿಸಿ ಇಲ್ಲೇ ಬರೀಲಿಕ್ಕತ್ತೀನಿ.

ಮಗಳು ಸಿಂಗಾಪುರದಾಗ ಇದ್ದಾಳ. ಅಲ್ಲಿಂದ ಪೆನಾಂಗಿಗೆ ಹೋಗಿ ಬರೋ ಮೂರು ರಾತ್ರಿದ್ದು ಕ್ರೂಸ್. ನಾನು, ನಮ್ಮನಿಯವರು, 78 ವರ್ಷದ ನಮ್ಮ ಅತ್ತಿಯವರು. "ಪೂರ್ತಿ ನವೀಕರಣ ಮಾಡೇವಿ" ಅಂತ ಜಾಹೀರಾತಿನ್ಯಾಗ ಇತ್ತು. ಸುಳ್ಳೇನಲ್ಲ ಬಿಡ್ರಿ. ಗಾಲೀಚ ಹೊಸಾದು, ಗಾದಿ ಹೊಸಾದು, ಊಟದ ಹಾಲ್ ಥಳಥಳಾ ಅಂತಿತ್ತು. ವಾರ್ನಿಶ್ ವಾಸನಿ ಇನ್ನೂ ಹೋಗಿದ್ದಿಲ್ಲ.

ಆದ್ರ ರೂಮಿನ ಬಚ್ಚಲ ಬಾಗಲಾ ತಗದೆ ನೋಡ್ರಿ, ಮುಂದ ಇಷ್ಟೆತ್ತರ ಹೊಸ್ತಿಲಾ! ನೀರು ಹೊರಗ ಬರಬಾರದಂತ ಕಟ್ಟಿದ್ದು. ಅತ್ತಿಯವರಿಗೆ ಎರಡೂ ಮೊಣಕಾಲು ನೋವು, ವಾಕರ್ ಹಿಡಕೊಂಡ ಅಡ್ಡಾಡೋರು. ಬಾಗಲಾ ಸಣ್ಣದು, ವಾಕರ್ ಒಳಗ ಹೋಗಲೇ ಇಲ್ಲ. ಪ್ರತಿ ಸಲ ನಾನು ಮುಂದ ನಿಂತು ಕೈ ಹಿಡದು, ನಮ್ಮನಿಯವರು ಹಿಂದ ನಿಂತು ಒಂದೊಂದ ಕಾಲು ಎತ್ತಿಸಿ ದಾಟಿಸಬೇಕು. ಎರಡನೇ ದಿನ ಸಂಜಿಂದ ಅವರು ನೀರು ಕುಡಿಯೋದನ್ನ ಬಿಟ್ಟರು. ಕೇಳಿದ್ರ "ನೀರಡಿಕಿನ ಇಲ್ಲವಾ" ಅಂದ್ರು. ರಾತ್ರಿ ನಮ್ಮನ್ನ ಎಬ್ಬಿಸಬಾರದಂತ ಬಿಟ್ಟಿದ್ರು. ನನಗ ಕಣ್ಣಾಗ ನೀರ ಬಂತು.

ತಪ್ಪು ಯಾರದು? ನಂದೇ. ಗಾಲಿಕುರ್ಚಿಯವರಿಗಂತ ಅಗಲ ಬಾಗಲಾ, ಹೊಸ್ತಿಲಿಲ್ಲದ ಬಚ್ಚಲಾ, ಗ್ವಾಡಿಗೆ ಹಿಡಿಕಿ ಇರೋ ರೂಮು ಕೆಲವು ಇರ್ತಾವ. ಮೊದಲೇ ಕೇಳಿ ಹಿಡೀಬೇಕು. ನಾನು ಕಿಡಕ್ಯಾಗ ಸಮುದ್ರ ಕಾಣಸ್ತದೇನು, ಉಳ್ಳಾಗಡ್ಡಿ ಇಲ್ಲದ ಊಟ ಸಿಗ್ತದೇನು ಅಂತ ಹತ್ತು ಸಲ ಕೇಳಿದೆ. ಬಚ್ಚಲದ್ದು ಒಂದ ಸಲಾನೂ ಕೇಳಲಿಲ್ಲ. (ಊಟ ಛಲೋ ಇತ್ತು. ಮೂರು ದಿನ ಕುಕ್ಕರ್ ಸೀಟಿ ಕೇಳಲಿಲ್ಲ, ಆ ಸುಖ ಸುಳ್ಳಲ್ಲ.)

ಪ್ರಯಾಣಿಕರ ಹಡಗನ್ನ ಸಾಧಾರಣ ಐದು ವರ್ಷದಾಗ ಎರಡು ಸಲನಾದ್ರೂ ನೀರಿನಿಂದ ಮ್ಯಾಲೆ ತಗದು ತಳಾ ತಪಾಸಣಿ ಮಾಡಬೇಕಂತ ಅಂತರರಾಷ್ಟ್ರೀಯ ಕಾಯದೆ ಅದ. ಹೆಂಗೂ ನಿಂತದಲ್ಲಾ ಅಂತ ಆವಾಗ ಗಾಲೀಚ, ಪಡದೆ, ಬಣ್ಣಾನೂ ಮುಗಿಸ್ತಾರ. ನಾವು ಮದುವಿ ಮುಂದ ಮನಿಗೆ ಸುಣ್ಣಾ ಹೊಡಸೂದಿಲ್ಲೇನು, ಹಂಗ. ಗ್ವಾಡಿ ಯಾರ ಕೆಡವ್ತಾರ? ರೂಮಿನ ಅಳತಿ, ನೀರಿನ ಪೈಪು, ಲಿಫ್ಟು ಹೆಚ್ಚಾಗಿ ಮೊದಲಿದ್ದಲ್ಲೇ ಇರ್ತಾವ. ಅದಕ್ಕ ಯಾವಾಗ ಬಣ್ಣಾ ಹಚ್ಚೀರಿ ಅಂತ ಕೇಳಬ್ಯಾಡ್ರಿ, ಯಾವ ವರ್ಷ ಕಟ್ಟಿದ್ದು ಅಂತ ಕೇಳ್ರಿ. ನಮ್ಮ ಮುಂಬಯಿಂದ ಹೋಗೋ ಎಂಪ್ರೆಸ್ ಅನ್ನೋ ಹಡಗು ಫ್ರಾನ್ಸಿನಾಗ ಕಟ್ಟಿದ್ದು, 1990ರಾಗ ನಾರ್ಡಿಕ್ ಎಂಪ್ರೆಸ್ ಅನ್ನೋ ಹೆಸರಿಲೆ ಓಡಾಡಲಿಕ್ಕೆ ಸುರು ಮಾಡ್ತು. ನನ್ನ ಮದುವಿನೂ ಅದೇ ವರ್ಷದ್ದು! ಹಳೇದಂದ್ರ ಕೆಟ್ಟದ್ದಂತ ಅಲ್ಲ. ನಾನೂ ಇನ್ನೂ ಓಡಾಡಲಿಕ್ಕತ್ತೀನಲ್ಲ. ಖರೇ ವಯಸ್ಸು ಗೊತ್ತಿದ್ರ ಏನು ಕೇಳಬೇಕಂತ ತಿಳೀತದ, ಅಷ್ಟ.

ಇನ್ನೊಂದು. ಹತ್ತಿದ ಕೂಡಲೇ ಅಪಾಯ ಬಂದ್ರ ಎಲ್ಲಿ ಸೇರಬೇಕು, ಲೈಫ್ ಜಾಕೀಟು ಹೆಂಗ ಹಾಕ್ಕೋಬೇಕು ಅಂತ ತೋರಸ್ತಾರ. ಚಹಾ ಕುಡದು ಬರ್ತೀವಂತ ತಪ್ಪಿಸಬ್ಯಾಡ್ರಿ. 2012ರಾಗ ಇಟಲಿ ದಂಡಿಗೆ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡಿಗೆ ಬಡದು ಮಕ್ಕೊಂಡಾಗ 32 ಮಂದಿ ಸತ್ತರು. ಅವತ್ತ ಹತ್ತಿದವರಿಗೆ ಇದನ್ನ ಇನ್ನೂ ತೋರಿಸಿದ್ದೇ ಇಲ್ಲ. ಈಗ ಹಡಗು ಬಿಡೋಕಿಂತ ಮೊದಲು, ಇಲ್ಲಾ ಬಿಟ್ಟ ಕೂಡಲೇ ತೋರಿಸಬೇಕಂತ ಕಾಯದೆ ಅದ. ಅಪಾಯದಾಗ ಲಿಫ್ಟ್ ಹತ್ತಬಾರದು. ನಡೀಲಿಕ್ಕೆ ಆಗದ ಹಿರಿಯರು ಸಂಗತೀಲೆ ಇದ್ರ, ಇವರಿಗೆ ಪಾವಟಿಗಿ ಆಗೂದಿಲ್ಲ ಅಂತ ಅವಾಗ್ಲೇ ಅಲ್ಲಿಯವರಿಗೆ ಹೇಳಿ ಬರಸ್ರಿ. ಅದನ್ನೂ ನಾನು ಮಾಡಿದ್ದು ಎರಡನೇ ದಿನ.

ನಿನ್ನೆ ಕಾಕೂ ಮತ್ತ ಫೋನ್ ಮಾಡಿದ್ರು. ಬಚ್ಚಲ ಹೊಸ್ತಿಲಾ ಎಷ್ಟು ಇಂಚು ಎತ್ತರ ಅಂತ ಕೇಳಿದ್ದಕ್ಕ ಏಜೆಂಟ ನಕ್ಕನಂತ. ನಗಲಿ ಬಿಡ್ರಿ, ಬರಕೊಟ್ಟ ಮ್ಯಾಲೇ ರೊಕ್ಕಾ ಕೊಡ್ರಿ ಅಂತ ಹೇಳೇನಿ. ಕಾಕಾನ ಮೊಣಕಾಲ ಆಪರೇಶನ್ ಆಗಿ ಇನ್ನೂ ವರ್ಷ ತುಂಬಿಲ್ಲ.