ಆಣೆ ಮುರಿದ ಮೇಲೆ

ಕುಡಿತ ಬಿಡಿಸಬೇಕೆಂದಾಗ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಆಣೆ. ಮಗುವಿನ ತಲೆ ಮುಟ್ಟಿಸಿ, ಮನೆದೇವರ ಮುಂದೆ ಕರ್ಪೂರ ಹಚ್ಚಿಸಿ, ಇನ್ನು ಮುಟ್ಟುವುದಿಲ್ಲ ಎಂದು ಬಾಯಿಬಿಡಿಸಿದರೆ ಅರ್ಧ ಗೆದ್ದಂತೆ ಎಂಬ ನಂಬಿಕೆ. ಆಣೆಗೆ ಬಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರಿಂದಲೇ ಬಿಟ್ಟವರೂ ಇದ್ದಾರೆ. ತೊಂದರೆ ಇರುವುದು ಅದು ಮುರಿದ ಮಾರನೆಯ ದಿನ. ಮಾತು ತಪ್ಪಿದವನು, ದೇವರಿಗೇ ಮೋಸ ಮಾಡಿದವನು ಎನ್ನಿಸಿಕೊಂಡು ಮೂಲೆಯಲ್ಲಿ ಕೂತವನಿಗೆ ಆ ಅವಮಾನ ಮರೆಯಲು ಗೊತ್ತಿರುವ ಮದ್ದು ಒಂದೇ, ಇನ್ನೊಂದು ಕ್ವಾರ್ಟರ್. ಚಟ ದಿನವೂ ಸಂಜೆ ಬಂದು ಕರೆಯುತ್ತದೆ. ಆಣೆ ಇಡುವುದು ಒಂದೇ ಸಲ. ಹಾಗಾಗಿ ಆಣೆಗಿಂತ ಹೆಚ್ಚಾಗಿ ಬೇಕಾದದ್ದು ಪದೇ ಪದೇ ಹೋಗಿ ಕೂರಬಹುದಾದ, ಬಿದ್ದರೂ ಮತ್ತೆ ಸೇರಿಸಿಕೊಳ್ಳುವ ಒಂದು ಸಭೆ ಎಂಬುದು ನನ್ನ ವಾದ.

ಕುಡಿತ ಬಿಡಬಯಸುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ಬಗೆಯೇ ಇದನ್ನು ಹೇಳುತ್ತದೆ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಬಂದ ಕೆಲಸ ಕೆಟ್ಟು ಹೋಟೆಲಿನ ಲಾಬಿಯಲ್ಲಿ ನಿಂತಿದ್ದರು. ಪಕ್ಕದಲ್ಲೇ ಬಾರ್. ಬಿಟ್ಟು ಆರು ತಿಂಗಳೂ ಆಗಿರಲಿಲ್ಲ. ಅವರು ಊರಿನ ಚರ್ಚುಗಳಿಗೆ ಫೋನ್ ಹಚ್ಚಿ ಕೇಳಿದ ಸಹಾಯ ವಿಚಿತ್ರವಾದದ್ದು: ಮಾತಾಡಲು ಇನ್ನೊಬ್ಬ ಕುಡುಕ ಬೇಕು. ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಬಂದವರು ಗಂಟೆಗಟ್ಟಲೆ ಕೂತರು. ಆದರೂ ಕೆಲ ವಾರಗಳಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ಹೋಗಿ ಕಂಠಪೂರ್ತಿ ಕುಡಿದು ಬಂದರು! ಆಣೆಯ ಲೆಕ್ಕದಲ್ಲಿ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ವಿಲ್ಸನ್ ಬಾಬ್ ಜೊತೆಗೇ ಉಳಿದರು, ಯಾಕೆಂದರೆ ಬಾಬ್ ಉಳಿಯುವುದರಲ್ಲಿ ತಮ್ಮ ಸ್ವಂತ ಉಳಿವೂ ಇತ್ತು. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನು ಸಂಘ ಇಂದಿಗೂ ತನ್ನ ಹುಟ್ಟುದಿನವೆಂದು ಎಣಿಸುತ್ತದೆ.

ಸಭೆಯಲ್ಲಿ ನಡೆಯುವುದು ನೋಡಲು ಏನೂ ಅಲ್ಲ. ಚರ್ಚಿನದ್ದೋ ಶಾಲೆಯದ್ದೋ ಒಂದು ಕೋಣೆ, ಕುರ್ಚಿಗಳು, ಚಹಾ. ಸದಸ್ಯನಾಗಲು ಕುಡಿತ ಬಿಡುವ ಆಸೆ ಇದ್ದರೆ ಸಾಕು. ಶುಲ್ಕವಿಲ್ಲ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಒಬ್ಬರು ಎದ್ದು ಹೆಸರು ಹೇಳಿ ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಕುಡುಕನಿಗೆ ಬುದ್ಧಿ ಹೇಳದವರೇ ಇಲ್ಲದ ನಮ್ಮ ನಾಡಿನಲ್ಲಿ ಇದೊಂದೇ ಸಾಕು, ಜನ ಅಲ್ಲಿಗೆ ಹೋಗುವುದಕ್ಕೆ. ಅವರ ಲೆಕ್ಕ ‘ಇವತ್ತೊಂದು ದಿನ’. ನಡುವೆ ಕುಡಿದವರು ‘ಸ್ಲಿಪ್ ಆಯ್ತು’ ಎಂದು ಬಂದು ಕೂರುತ್ತಾರೆ, ಮತ್ತೆ ಒಂದರಿಂದ ಎಣಿಸುತ್ತಾರೆ. ನಿನ್ನೆ ಮೊನ್ನೆ ಬಿಟ್ಟವನ ನಡುಕ ನೋಡಿದ ಹಳಬನಿಗೆ ತಾನು ಎಲ್ಲಿದ್ದೆ ಎಂಬುದು ಮರೆಯುವುದಿಲ್ಲ. ಹೇಳುವವನಿಗೂ ಕೇಳುವವನಿಗೂ ಒಟ್ಟಿಗೇ ಲಾಭವಾಗುವ ಚಿಕಿತ್ಸೆ ಬೇರೆ ಯಾವುದಿದೆಯೋ ಕಾಣೆ.

ಇದೆಲ್ಲ ಭಾವುಕತೆ ಎನ್ನುವವರಿಗೆ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ ಇದೆ. 27 ಅಧ್ಯಯನಗಳು, ಹತ್ತು ಸಾವಿರಕ್ಕೂ ಹೆಚ್ಚು ಜನ. ಸಂಘಕ್ಕೆ ಹೋಗುವಂತೆ ಕ್ರಮಬದ್ಧವಾಗಿ ಪ್ರೇರೇಪಿಸಿದವರಲ್ಲಿ ವರ್ಷದ ಕೊನೆಗೆ ಪೂರ್ತಿ ಬಿಟ್ಟವರು ಶೇ. 42, ಇತರ ಮನೋಚಿಕಿತ್ಸೆಗಳಲ್ಲಿ ಶೇ. 35. ಪವಾಡವಲ್ಲ, ಅರ್ಧಕ್ಕಿಂತ ಹೆಚ್ಚು ಜನರಿಗೆ ಅದೂ ಸಾಲಲಿಲ್ಲ. ಆದರೆ ಕಾಸು ಖರ್ಚಿಲ್ಲದ ಕೂಟವೊಂದು ಕಲಿತ ತಜ್ಞರ ಚಿಕಿತ್ಸೆಗೆ ಹೆಗಲೆಣೆಯಾಗಿ ನಿಲ್ಲುವುದು ಸಣ್ಣ ಮಾತಲ್ಲ.

ನನ್ನ ವಾದಕ್ಕೆ ಹತ್ತಿರದ ಸಾಕ್ಷಿ ಧರ್ಮಸ್ಥಳ. ರಾಜಕಾರಣಿಗಳೂ ಬಂದು ಆಣೆ ಹಾಕುವಂತೆ ಸವಾಲೊಡ್ಡುವ ಕ್ಷೇತ್ರ ಅದು. ಅಲ್ಲಿನ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತವೆ. ಶಿಬಿರ ಮುಗಿಸಿದವರನ್ನು ಆಣೆಯ ಭರವಸೆಗಷ್ಟೇ ಬಿಡದೆ ಕುಡಿತ ಬಿಟ್ಟವರೇ ಕೂಡುವ ನವಜೀವನ ಸಮಿತಿಗೆ ಸೇರಿಸುತ್ತಾರೆ. ಆಣೆಗೆ ಹೆಸರಾದ ಜಾಗವೇ ಮುಂದಿನ ದಿನಗಳಿಗೆ ಸಭೆ ಬೇಕೆಂದು ಒಪ್ಪಿಕೊಂಡಂತಾಯಿತಲ್ಲ!

ಆಕ್ಷೇಪಗಳಿಲ್ಲದೆ ಇಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಪಾಲಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಅವರವರು ಅರಿತ ದೇವರು ಎಂದಿದ್ದರೂ ನಾಸ್ತಿಕನಿಗೆ ಮುಜುಗರವೇ. ತಾಲ್ಲೂಕು ಕೇಂದ್ರದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅಲ್ಲಿ ಗುಟ್ಟು ಉಳಿಯುವುದು ಹೇಗೆ? (ಬಾರಿನಲ್ಲಿ ಕಂಡಾಗ ಯಾರಿಗೂ ಬಾರದ ನಾಚಿಕೆ ಸಭೆಯ ಬಾಗಿಲಲ್ಲಿ ಬರುತ್ತದೆಂಬುದು ಬೇರೆ ವಿಷಯ.) ಇವೆರಡಕ್ಕಿಂತ ಗಟ್ಟಿಯಾದದ್ದು ಹೆಂಗಸರ ತಕರಾರು. ಗಂಡಸರೇ ತುಂಬಿದ ಕೋಣೆಯಲ್ಲಿ ‘ನಾನೂ ಕುಡಿಯುತ್ತೇನೆ’ ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಹೆಂಗಸರದೇ ಕೂಟಗಳು ಹೆಚ್ಚಬೇಕು, ಅಷ್ಟೇ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾದೀತು. ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಸಭೆ. ಆದರೆ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ಸರ್ಕಾರದ ಉಚಿತ ಸಹಾಯವಾಣಿ. ಸಭೆಗೆ ಹೊಸದಾಗಿ ಹೋಗುವವರು ‘ಓಪನ್ ಮೀಟಿಂಗ್’ ಯಾವಾಗ ಎಂದು ಕೇಳಿಕೊಂಡರೆ ಮನೆಯವರೂ ಜೊತೆಗೆ ಹೋಗಬಹುದು, ಬಾಯಿ ತೆರೆಯಲೇಬೇಕೆಂದಿಲ್ಲ. ಒಂದು ಗುಂಪು ಹಿಡಿಸದಿದ್ದರೆ ಬೇರೆ ಬಡಾವಣೆಯದ್ದನ್ನು ನೋಡಬಹುದು. ಗುಂಪಿನಿಂದ ಗುಂಪಿಗೆ ಭಾಷೆ, ವಯಸ್ಸು, ಮಾತಿನ ಧಾಟಿ ಎಲ್ಲವೂ ಬೇರೆ.