ಗುಳಿಗೆ ಬರೆದರೆ ಸಾಕಾ, ರಕ್ತ ನೋಡೋರು ಯಾರು?



ಮೊನ್ನೆ ಶಿಗ್ಗಾಂವ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕೇರಿಯ ತಾಯಿಯೊಬ್ಬರು ಸಿಕ್ಕರು. ಮಗನಿಗೆ ಹನ್ನೊಂದು ವರ್ಷ. ಎರಡು ವರ್ಷ ಜಂತುಹುಳದ ಗುಳಿಗೆ ನುಂಗಿಸಿದ ಮೇಲೆ ಗೊತ್ತಾಗಿದ್ದು ಕ್ರೋನ್ಸ್ ಕಾಯಿಲೆ ಅಂತ. ಕರುಳಿನಲ್ಲಿ ಉರಿಯೂತ, ಹುಣ್ಣು.

"ಯಣ್ಣಾ, ಗುಳಿಗಿ ಒಂದಿನಾನೂ ತಪ್ಪಿಸಿಲ್ಲ. ರಕ್ತ ತಪಾಸ ಮಾತ್ರ ಆರ ತಿಂಗಳಾತು ಮಾಡಿಸಿಲ್ಲ. ಹುಬ್ಬಳ್ಳಿಗೆ ಹೋದ್ರ ಕೂಲಿ ಹೋಗತೈತಿ."

ಆ ಗುಳಿಗೆ ಅಜಥಯೋಪ್ರಿನ್. ಕೆಟ್ಟ ಔಷಧಿಯಲ್ಲ, ಬೇಕಾದ ಔಷಧಿ. ಆದರೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಇದಕ್ಕೆ ಕಾರಣವಾಗುವ ಒಂದು ಜೀನ್ ವ್ಯತ್ಯಾಸ ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅದಕ್ಕೇ ಮೊದಮೊದಲು ಪದೇ ಪದೇ, ಆಮೇಲೆ ಸುಮಾರು 3 ತಿಂಗಳಿಗೊಮ್ಮೆ ರಕ್ತ ನೋಡಲೇಬೇಕು.

ಸ್ಟೀರಾಯ್ಡ್ ತಿಂಗಳುಗಟ್ಟಲೆ ಕೊಟ್ಟರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತೆ. ದಿಢೀರ್ ನಿಲ್ಲಿಸಿದರೂ ಅಪಾಯ. ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಕೊಡುವ ಮೊದಲು ಟಿಬಿ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಅಡಗಿರುವ ಟಿಬಿ ಎದ್ದು ಕೂರುತ್ತೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ನಮ್ಮ ಕೇರಿಗಳಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

"ಹಂಗಾದ್ರ ಆ ಔಷಧಿನೇ ಬ್ಯಾಡ, ನಾಟಿ ಮದ್ದು ಸಾಕು" ಅನ್ನೋರಿಗೆ ನನ್ನ ಉತ್ತರ: ಬಿಡಿಸಬೇಡಿ. ಚಿಕಿತ್ಸೆ ಇಲ್ಲದ ಕಾಯಿಲೆಯೂ ಮಗುವನ್ನು ತಿನ್ನುತ್ತೆ. ಮುಖ್ಯ ಅಪಾಯ ಇರೋದು ಔಷಧಿ ಕೊಟ್ಟು ಕೈತೊಳೆದುಕೊಳ್ಳುವ ವ್ಯವಸ್ಥೆಯಲ್ಲಿ.

2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡಾಗಲೇ ಸರ್ಕಾರ ಇತ್ತ ತಿರುಗಿ ನೋಡಿದ್ದು. ಮಗುವಿನ ಮಲದಲ್ಲಿ ರಕ್ತ ಬೀಳ್ತಿದೆ ಅಂತ ತೋರಿಸೋಕೆ ನಾವಿನ್ನೇನು ಸುರಿದುಕೊಳ್ಳಬೇಕು?

ನಾವು ಕೇಳೋದು ಇಷ್ಟೇ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ರಕ್ತಕಣ, ಲಿವರ್ ಪರೀಕ್ಷೆ ಹೇಳಿದ ದಿನ ಉಚಿತವಾಗಿ ಆಗಲಿ. ರಿಪೋರ್ಟ್ ಅಲ್ಲಿಂದಲೇ ದೊಡ್ಡಾಸ್ಪತ್ರೆ ವೈದ್ಯರಿಗೆ ಹೋಗಲಿ. ಯಾವ ಲಕ್ಷಣಕ್ಕೆ ತಕ್ಷಣ ಓಡಿ ಬರಬೇಕು ಅನ್ನೋದನ್ನ ಕನ್ನಡದಲ್ಲಿ ಬರೆದ ಕಾರ್ಡ್ ಕೊಡಲಿ. ಔಷಧಿಯಿಂದ ತೊಂದರೆಯಾದರೆ ದೂರು ಕೊಡೋಕೆ ಕೇಂದ್ರದ ಉಚಿತ ಸಂಖ್ಯೆ ಇದೆ: 1800-180-3024. ವೈದ್ಯರೇ ಆಗಬೇಕಿಲ್ಲ, ತಾಯಂದಿರೂ ಫೋನ್ ಮಾಡಬಹುದು.

ಮರುದಿನವೇ ಆ ಹುಡುಗನ ರಕ್ತ ಪರೀಕ್ಷೆ ಮಾಡಿಸಿದೆವು. ಸರಿ ಇತ್ತು. ಅದು ಅದೃಷ್ಟ. ನಮ್ಮ ಮಕ್ಕಳ ಜೀವ ಅದೃಷ್ಟದ ಮೇಲೆ ನಿಲ್ಲಬಾರದು.

ನಿಮ್ಮ ಕೇರಿಯಲ್ಲಿ ಇಂಥ ಮಗು ಇದ್ದರೆ ಇವತ್ತೇ ಒಂದು ಪ್ರಶ್ನೆ ಕೇಳಿ: ಕೊನೇ ಸಲ ರಕ್ತ ನೋಡಿದ್ದು ಯಾವಾಗ?

ಜೈ ಭೀಮ್.